ತಜ್ಞರ ಸಮಿತಿ ನಿಜವಾಗಿ ಅಳೆಯುವುದೇನನ್ನು? ಸರ್ಕಾರಿ ಸಂಶೋಧನಾ ಅನುದಾನದ ಆಯ್ಕೆ ಕುರಿತು

ಹೊಸ ಅರ್ಜಿದಾರ

ಮೂರು ವರ್ಷಗಳಲ್ಲಿ ಒಂದೇ ಪ್ರಸ್ತಾವನೆಯನ್ನು ಎರಡು ಬಾರಿ ಸಲ್ಲಿಸಿ, ಎರಡು ಬಾರಿಯೂ ತಿರಸ್ಕಾರದ ಪತ್ರ ಪಡೆದಿದ್ದೇನೆ. ಮೊದಲ ಬಾರಿ ಬಂದ ಟಿಪ್ಪಣಿಯಲ್ಲಿ ಉದ್ದೇಶಗಳು ಮೂರು ವರ್ಷಗಳ ಅವಧಿಯನ್ನು ಮೀರಿವೆ ಎಂದಿತ್ತು. ಆ ಮಾತನ್ನು ಗೌರವದಿಂದಲೇ ಸ್ವೀಕರಿಸಿ, ನಾಲ್ಕು ಉದ್ದೇಶಗಳಲ್ಲಿ ಎರಡನ್ನು ಕೈಬಿಟ್ಟು, ಉಳಿದೆರಡರ ವಿಧಾನವನ್ನು ವಿಸ್ತರಿಸಿ ಮತ್ತೆ ಕಳುಹಿಸಿದಾಗ ಹೊಸತನ ಸಾಲದು ಎಂಬ ಉತ್ತರ ಬಂತು. ಎರಡನೆಯ ಸುತ್ತಿನಲ್ಲಿ ಇಬ್ಬರು ಪರಿಶೀಲಕರು ಮನಸಾರೆ ಮೆಚ್ಚಿದ್ದರು. ಮೂರನೆಯವರ ಟಿಪ್ಪಣಿ ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿತ್ತು. ಅದರಲ್ಲಿ ದೋಷವೂ ಇರಲಿಲ್ಲ, ಹೊಗಳಿಕೆಯೂ ಇರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಕೊನೆಯಲ್ಲಿ ಸಿಗುವ ಆ ಒಂದು ಅಂಕ ಯಾವುದರ ಅಳತೆ? ನನ್ನ ಪ್ರಸ್ತಾವನೆಯದೇ, ಅದನ್ನು ಓದಿದ ಮೂವರದೇ, ಅಥವಾ ಆ ವರ್ಷ ಖಜಾನೆಯಲ್ಲಿ ಉಳಿದಿದ್ದ ಹಣದ್ದೇ? ಒಳಗಿನಿಂದ ನೋಡಿದವರು ವಿವರಿಸಿದರೆ ಮೂರನೆಯ ಬಾರಿ ಬರೆಯಬೇಕೋ ಬೇಡವೋ ಎಂಬುದನ್ನು ನಿರ್ಧರಿಸಲು ಅನುಕೂಲವಾಗುತ್ತದೆ.

ಸಮಿತಿಯಲ್ಲಿ ಕುಳಿತವಳು

ಇಂಥ ಸಮಿತಿಗಳಲ್ಲಿ ಏಳೆಂಟು ವರ್ಷ ಕುಳಿತಿದ್ದೇನೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ಹಂದರ ಬಹುಮಟ್ಟಿಗೆ ಒಂದೇ. ಕಚೇರಿ ಮೊದಲು ಅರ್ಹತೆ, ಪುಟಮಿತಿ, ಲಗತ್ತುಗಳನ್ನು ನೋಡುತ್ತದೆ; ಒಂದು ಸಾಲನ್ನೂ ಓದುವ ಮೊದಲೇ ಬೀಳುವ ಅರ್ಜಿಗಳು ಇಲ್ಲೇ ಬೀಳುತ್ತವೆ. ಆಮೇಲೆ ಪರಿಶೀಲಕರನ್ನು ಗುರುತಿಸುವ ಕೆಲಸ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಅಂದರೆ ಎನ್‌ಎಸ್‌ಎಫ್, ಕಳೆದ 48 ತಿಂಗಳಲ್ಲಿ ಅರ್ಜಿದಾರರ ಜೊತೆ ಸೇರಿ ಪ್ರಬಂಧ ಬರೆದವರನ್ನು ಹಿತಾಸಕ್ತಿ ಸಂಘರ್ಷದ ಪಟ್ಟಿಗೆ ಸೇರಿಸುತ್ತದೆ. ನಿಯಮ ನ್ಯಾಯವಾದದ್ದೇ. ಆದರೆ ಜಗತ್ತಿನಲ್ಲೇ ನೂರಿನ್ನೂರು ಜನ ಕೆಲಸ ಮಾಡುವ ಕಿರಿದಾದ ಕ್ಷೇತ್ರದಲ್ಲಿ ಈ ಜರಡಿ ಹಿಡಿದರೆ ವಿಷಯವನ್ನು ಚೆನ್ನಾಗಿ ಬಲ್ಲವರೆಲ್ಲ ಹೊರಗುಳಿದು, ಪಕ್ಕದ ಕ್ಷೇತ್ರದವರ ಕೈಗೆ ಪ್ರಸ್ತಾವನೆ ಹೋಗುತ್ತದೆ. ನಿಮ್ಮ ಮೂರನೆಯ ಪರಿಶೀಲಕರು ಅಂಥವರೇ ಆಗಿರಬಹುದೆಂದು ನನ್ನ ಊಹೆ. ತಪ್ಪು ಹುಡುಕುವಷ್ಟು ವಿಷಯ ಗೊತ್ತಿಲ್ಲದವರು ನಡುವಿನ ಅಂಕ ಕೊಟ್ಟು ಸುಮ್ಮನಾಗುತ್ತಾರೆ.

ಅಂಕದ ಬಗ್ಗೆ ಹೇಳುವುದಾದರೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ, ಅಂದರೆ ಎನ್‌ಐಎಚ್‌ನ ಕ್ರಮ ಎಲ್ಲರಿಗೂ ತಿಳಿದಿರುವಂಥದ್ದು. 1ರಿಂದ 9ರವರೆಗಿನ ಅಂಕಗಳಲ್ಲಿ 1 ಅತ್ಯುತ್ತಮ. ಸಾಮಾನ್ಯವಾಗಿ ಮೂವರು ಪರಿಶೀಲಕರು ಪೂರ್ತಿ ಓದಿ ಮುಂಚಿತವಾಗಿ ಅಂಕ ಕೊಡುತ್ತಾರೆ. ಅದರ ಆಧಾರದ ಮೇಲೆ ಕೆಳಗಿನ ಸುಮಾರು ಅರ್ಧದಷ್ಟು ಅರ್ಜಿಗಳನ್ನು ಸಭೆಯಲ್ಲಿ ಚರ್ಚೆಗೇ ತೆಗೆದುಕೊಳ್ಳುವುದಿಲ್ಲ. ಉಳಿದವುಗಳ ಚರ್ಚೆ ಮುಗಿದ ಮೇಲೆ ಇಡೀ ಸಮಿತಿ ಮತ ಹಾಕುತ್ತದೆ, ಸರಾಸರಿಯನ್ನು ಹತ್ತರಿಂದ ಗುಣಿಸಿ 10ರಿಂದ 90ರ ನಡುವಿನ ಸಂಖ್ಯೆಯೊಂದನ್ನು ಬರೆಯಲಾಗುತ್ತದೆ. ಗಮನಿಸಿ: ಪೂರ್ತಿ ಓದಿದವರು ಮೂವರು, ಮತ ಹಾಕಿದವರು ಇಪ್ಪತ್ತು ಮಂದಿ. ನಾನು ಕುಳಿತ ಸಭೆಗಳಲ್ಲಿ ಒಂದು ಪ್ರಸ್ತಾವನೆಗೆ ಹದಿನೈದು ನಿಮಿಷ ಸಿಕ್ಕಿದರೆ ಅದೇ ಹೆಚ್ಚು. ಆ ಹದಿನೈದು ನಿಮಿಷದಲ್ಲಿ ನಿಮ್ಮ ಪರವಾಗಿ ಗಟ್ಟಿಯಾಗಿ ಮಾತನಾಡುವ ಒಬ್ಬರಿದ್ದರೆ ಫಲಿತಾಂಶವೇ ಬೇರೆ.

ಇನ್ನು ಎರಡು ಸುತ್ತುಗಳ ಟಿಪ್ಪಣಿಗಳು ಒಂದಕ್ಕೊಂದು ವಿರುದ್ಧವಾಗಿದ್ದುದಕ್ಕೆ ಕಾರಣ ಸರಳ. ಅವು ಬೇರೆ ಬೇರೆ ಜನ ಬರೆದವು. ನೀವು ಮೊದಲ ಸಮಿತಿಗೆ ಕೊಟ್ಟ ಉತ್ತರವನ್ನು ಎರಡನೆಯ ಸಮಿತಿ ಓದಿತು.

ಅಂಕಿ ನೋಡುವವನು

ಮೇಲಿನ ಬರಹದ ಕೊನೆಯ ವಾಕ್ಯಕ್ಕೆ ನಲವತ್ತು ವರ್ಷಗಳ ಆಧಾರವಿದೆ. ಸ್ಟೀಫನ್ ಕೋಲ್, ಜೊನಾಥನ್ ಕೋಲ್ ಮತ್ತು ಗ್ಯಾರಿ ಸೈಮನ್ ಅವರು ಎನ್‌ಎಸ್‌ಎಫ್‌ಗೆ ಬಂದಿದ್ದ 150 ಪ್ರಸ್ತಾವನೆಗಳನ್ನು ಬೇರೊಂದು ಪರಿಶೀಲಕರ ಗುಂಪಿನಿಂದ ಮತ್ತೆ ಓದಿಸಿ, ಫಲಿತಾಂಶವನ್ನು 1981ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಅರ್ಜಿಯ ಹಣೆಬರಹದಲ್ಲಿ ಸುಮಾರು ಅರ್ಧ ಪಾಲು ಅದರ ಗುಣದಿಂದಲೂ ಉಳಿದರ್ಧ ಯಾವ ಪರಿಶೀಲಕರ ಕೈಗೆ ಬಿತ್ತು ಎಂಬ ಅದೃಷ್ಟದಿಂದಲೂ ತೀರ್ಮಾನವಾಗುತ್ತದೆ ಎಂಬುದು ಅವರ ನಿರ್ಣಯ. 2018ರಲ್ಲಿ ಇನ್ನೊಂದು ತಂಡ ಎನ್‌ಐಎಚ್‌ನ 25 ಅರ್ಜಿಗಳನ್ನು 43 ಪರಿಶೀಲಕರಿಗೆ ಕೊಟ್ಟು ನೋಡಿತು. ಒಂದೇ ಅರ್ಜಿಯನ್ನು ಓದಿದ ಇಬ್ಬರು ಕೊಟ್ಟ ಅಂಕಗಳ ನಡುವಿನ ಸಾಮ್ಯ, ಬೇರೆ ಬೇರೆ ಅರ್ಜಿ ಓದಿದ ಇಬ್ಬರ ಅಂಕಗಳ ನಡುವಿನ ಸಾಮ್ಯಕ್ಕಿಂತ ಹೆಚ್ಚೇನೂ ಇರಲಿಲ್ಲ.

ಹೀಗಿರುವಾಗ 31 ಅಂಕದವರಿಗೆ ಹಣ, 33 ಅಂಕದವರಿಗೆ ವಿಷಾದದ ಪತ್ರ ಎನ್ನುವುದನ್ನು ಅರ್ಹತೆಯ ತೀರ್ಪು ಎಂದು ಕರೆಯುವುದು ನನಗೆ ಕಷ್ಟ.

ಹಳೆಯ ಪ್ರಯೋಗಾಲಯ

ಅರ್ಧ ಕಥೆ ಹೇಳಿ ನಿಲ್ಲಿಸಬೇಡಿ. ಆ 25 ಅರ್ಜಿಗಳೂ ನಿಜ ಜೀವನದಲ್ಲಿ ಕೊನೆಗೆ ಅನುದಾನ ಪಡೆದಂಥವು. ಉತ್ತಮವೆಂದು ಆಗಲೇ ಆರಿಸಿದ ಅರ್ಜಿಗಳನ್ನು ಮುಂದಿಟ್ಟು ಇವುಗಳಲ್ಲಿ ಯಾವುದು ಹೆಚ್ಚು ಉತ್ತಮ ಎಂದು ಕೇಳಿದರೆ ಒಮ್ಮತ ಸಿಗದಿರುವುದು ಸಹಜ. ಅದರಿಂದ ಮೌಲ್ಯಮಾಪನವೇ ನಿರರ್ಥಕ ಎನ್ನಲಾಗದು. ಡೇನಿಯೆಲ್ ಲಿ ಮತ್ತು ಲೈಲಾ ಆಘಾ 2015ರಲ್ಲಿ ಪ್ರಕಟಿಸಿದ ಅಧ್ಯಯನ 1980ರಿಂದ 2008ರವರೆಗಿನ 1,30,000ಕ್ಕೂ ಹೆಚ್ಚು ಎನ್‌ಐಎಚ್ ಅನುದಾನಗಳನ್ನು ಒಳಗೊಂಡಿತ್ತು. ಉತ್ತಮ ಅಂಕ ಪಡೆದ ಯೋಜನೆಗಳಿಂದ ಹೆಚ್ಚು ಪ್ರಬಂಧ, ಹೆಚ್ಚು ಉಲ್ಲೇಖ, ಹೆಚ್ಚು ಪೇಟೆಂಟ್ ಬಂದಿವೆ ಎಂದೂ, ಸಂಶೋಧಕರ ಹಿಂದಿನ ಸಾಧನೆಯನ್ನು ಲೆಕ್ಕದಿಂದ ಕಳೆದರೂ ಈ ಸಂಬಂಧ ಉಳಿಯುತ್ತದೆ ಎಂದೂ ಅವರು ತೋರಿಸಿದರು. ಸಮಿತಿಗೆ ಏನೋ ಕಾಣಿಸುತ್ತದೆ. ಇಲ್ಲದಿದ್ದರೆ ಈ ಫಲಿತಾಂಶ ಬರುತ್ತಿರಲಿಲ್ಲ.

ಅಂಕಿ ನೋಡುವವನು

ಒಪ್ಪುತ್ತೇನೆ, ಆ 25 ಅರ್ಜಿಗಳ ಬಗ್ಗೆ ನೀವು ಹೇಳಿದ್ದು ಸರಿಯಾದ ಆಕ್ಷೇಪ, ನಾನೇ ಹೇಳಬೇಕಿತ್ತು. ಆದರೆ ಅದೇ ಆಕ್ಷೇಪ ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ಲಿ ಮತ್ತು ಆಘಾ ಬಳಸಿದ ಅಂಕಿಅಂಶವನ್ನೇ ಫಾಂಗ್, ಬೋವೆನ್ ಮತ್ತು ಕ್ಯಾಸಡೆವಾಲ್ 2016ರಲ್ಲಿ ಮತ್ತೆ ಪರಿಶೀಲಿಸಿ, ಶೇಕಡಾ 20ರೊಳಗಿನ ಮೇಲಿನ ಸ್ಥಾನಗಳನ್ನು ಮಾತ್ರ ಬಿಡಿಸಿ ನೋಡಿದರು. ಆ ವಲಯದಲ್ಲಿ ಅಂಕಕ್ಕೂ ಮುಂದಿನ ಫಲಕ್ಕೂ ಇರುವ ಸಂಬಂಧ ತೀರಾ ದುರ್ಬಲವಾಗಿತ್ತು. ಹಣ ಸಿಗುವುದೋ ಇಲ್ಲವೋ ಎಂಬ ಗೆರೆ ಬೀಳುವುದು ಸರಿಯಾಗಿ ಅಲ್ಲಿಯೇ.

ನಮ್ಮಿಬ್ಬರ ಮಾತನ್ನು ಜೋಡಿಸಿದರೆ ಹೀಗಾಗುತ್ತದೆ: ಜೊಳ್ಳನ್ನು ತೂರಿ ಬೇರ್ಪಡಿಸುವುದು ಸಮಿತಿಗೆ ಚೆನ್ನಾಗಿ ಬರುತ್ತದೆ, ಗಟ್ಟಿ ಕಾಳುಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವುದು ಬರುವುದಿಲ್ಲ. ಹತ್ತರಲ್ಲಿ ನಾಲ್ಕು ಅರ್ಜಿಗಳಿಗೆ ಹಣವಿದ್ದಾಗ ಮೊದಲನೆಯ ಕೌಶಲವೇ ಸಾಕು. ಹತ್ತರಲ್ಲಿ ಒಂದಕ್ಕೆ ಮಾತ್ರ ಹಣವಿದ್ದಾಗ ನಾವು ಅವರಿಂದ ಎರಡನೆಯದನ್ನು ಬೇಡುತ್ತೇವೆ, ಅವರು ದಶಮಾಂಶ ಸ್ಥಾನಗಳಲ್ಲಿ ಉತ್ತರ ಕೊಡುತ್ತಾರೆ.

ಸಮಿತಿಯಲ್ಲಿ ಕುಳಿತವಳು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಸಭೆಯ ಮೊದಲ ದಿನ ನಮ್ಮಲ್ಲಿ ಭಿನ್ನಾಭಿಪ್ರಾಯವೇ ಇರುವುದಿಲ್ಲ, ಕೆಳಗಿನವು ತಾವಾಗಿಯೇ ಉದುರುತ್ತವೆ. ಎರಡನೆಯ ದಿನದ ಮಧ್ಯಾಹ್ನ, ಎಲ್ಲರೂ ದಣಿದಿರುವಾಗ, ಸಮಾನವೆನಿಸುವ ಎಂಟು ಪ್ರಸ್ತಾವನೆಗಳಲ್ಲಿ ಮೂರನ್ನು ಆರಿಸಬೇಕಾಗುತ್ತದೆ. ಆಗ ಹೇಳುವ ಕಾರಣಗಳು ಬೇರೆ ಯಾವುದೇ ದಿನ ದೋಷವೆಂದು ತೋರದಂಥವು.

ಮಾನವಿಕಗಳ ಕಡೆಯಿಂದ

ಇಲ್ಲಿಯವರೆಗೆ ಅದೃಷ್ಟದ ಮಾತಾಯಿತು. ಅದೃಷ್ಟ ಎಲ್ಲರಿಗೂ ಸಮಾನವಾಗಿ ಹಂಚಿಕೆಯಾಗಿದ್ದರೆ ನನಗೆ ಅಷ್ಟು ತಕರಾರಿರುತ್ತಿರಲಿಲ್ಲ. ಕ್ರಿಸ್ಟೀನ್ ವೆನ್ನೆರೊಸ್ ಮತ್ತು ಆಗ್ನೆಸ್ ವೋಲ್ಡ್ ಅವರು ಸ್ವೀಡನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಕಡತಗಳನ್ನು ಕಾನೂನಿನ ಮೂಲಕ ಪಡೆದು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದು ಇನ್ನೂ ಓದತಕ್ಕದ್ದು. ಪುರುಷ ಅರ್ಜಿದಾರನಿಗೆ ಸಿಕ್ಕ ಅರ್ಹತಾ ಅಂಕವೇ ಮಹಿಳೆಗೂ ಸಿಗಬೇಕಾದರೆ ಆಕೆಯ ಪ್ರಕಟಣೆಗಳ ಸಾಧನೆ ಸುಮಾರು ಎರಡೂವರೆ ಪಟ್ಟು ಇರಬೇಕಿತ್ತು. ಸಮಿತಿಯ ಸದಸ್ಯರ ಜೊತೆ ನಂಟಿದ್ದವರಿಗೂ ಲಾಭವಿತ್ತು. ನಂಟಿದ್ದ ಸದಸ್ಯರು ಆ ಅರ್ಜಿಗೆ ಅಂಕ ಕೊಡದೆ ಹೊರಗುಳಿದಾಗಲೂ ಲಾಭ ಮಾತ್ರ ತಪ್ಪುತ್ತಿರಲಿಲ್ಲ.

ಇದು ಹಳೆಯ ಕಾಲದ ಮಾತು ಎನ್ನುವವರಿಗಾಗಿ ಇನ್ನೊಂದು ಉದಾಹರಣೆ ಕೊಡುತ್ತೇನೆ. ಕೆನಡಾದ ಆರೋಗ್ಯ ಸಂಶೋಧನಾ ಸಂಸ್ಥೆ 2014ರಲ್ಲಿ ತನ್ನ ಅನುದಾನವನ್ನು ಎರಡು ಕವಲಾಗಿ ಒಡೆಯಿತು. ಒಂದರಲ್ಲಿ ಪರಿಶೀಲಕರು ಮುಖ್ಯವಾಗಿ ಯೋಜನೆಯನ್ನು ಅಳೆಯಬೇಕಿತ್ತು, ಇನ್ನೊಂದರಲ್ಲಿ ಸಂಶೋಧಕರನ್ನು. ಸುಮಾರು 24 ಸಾವಿರ ಅರ್ಜಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಯೋಜನೆಯನ್ನು ಅಳೆದಾಗ ಮಹಿಳೆಯರ ಯಶಸ್ಸಿನ ಪ್ರಮಾಣ ಪುರುಷರಿಗಿಂತ 0.9 ಶೇಕಡಾ ಅಂಶ ಕಡಿಮೆಯಿದ್ದರೆ, ವ್ಯಕ್ತಿಯನ್ನು ಅಳೆದಾಗ ಅಂತರ 4 ಶೇಕಡಾ ಅಂಶಕ್ಕೇರಿತ್ತು. ಅರ್ಜಿಗಳ ಗುಣಮಟ್ಟದಲ್ಲಿ ವ್ಯತ್ಯಾಸವಿತ್ತು ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದು ಕಷ್ಟ. ಬದಲಾದದ್ದು ಪರಿಶೀಲಕರಿಗೆ ಕೇಳಿದ ಪ್ರಶ್ನೆ.

ಎನ್‌ಐಎಚ್ 2025ರ ಜನವರಿಯಿಂದ ಹೊಸ ಚೌಕಟ್ಟು ತಂದು, ಸಂಶೋಧನೆಯ ಮಹತ್ವಕ್ಕೂ ವಿಧಾನದ ಬಿಗಿತನಕ್ಕೂ ಮಾತ್ರ ಅಂಕ ಉಳಿಸಿಕೊಂಡಿದೆ. ಸಂಶೋಧಕರ ಪರಿಣತಿಗೂ ಸಂಸ್ಥೆಯ ಸೌಲಭ್ಯಕ್ಕೂ ಈಗ ಅಂಕವಿಲ್ಲ, ಸಾಕಷ್ಟಿದೆಯೇ ಇಲ್ಲವೇ ಎಂದಷ್ಟೇ ಬರೆಯಬೇಕು. ದೊಡ್ಡ ಸಂಸ್ಥೆಯ ಹೆಸರು ನೋಡಿ ಅಂಕ ಹಾಕುವ ಚಾಳಿಗೆ ಇದು ಕಡಿವಾಣ ಹಾಕೀತೆಂಬ ನಿರೀಕ್ಷೆಯಿದೆ. ಹೆಸರು ಕಣ್ಣಿಗೆ ಬೀಳುವುದಂತೂ ತಪ್ಪಿಲ್ಲ.

ಕಡತದ ಕಡೆಯವರು

ನಾನು ಅನುದಾನ ಕಚೇರಿಯೊಂದರಲ್ಲಿ ಕೆಲಸ ಮಾಡಿದವನು. ಸಮಿತಿ ಎದ್ದುಹೋದ ಮೇಲಿನ ಮಾತನ್ನು ಯಾರೂ ಹೇಳಲಿಲ್ಲ. ತಜ್ಞರ ಅಂಕ ಒಂದು ಶಿಫಾರಸು ಮಾತ್ರ. ಎನ್‌ಐಎಚ್‌ನಲ್ಲಿ ಎರಡನೆಯ ಹಂತವಾಗಿ ಸಲಹಾ ಮಂಡಳಿಯಿದೆ. ಎನ್‌ಎಸ್‌ಎಫ್‌ನಲ್ಲಿ ಕಾರ್ಯಕ್ರಮಾಧಿಕಾರಿ ಪರಿಶೀಲಕರ ಅಭಿಪ್ರಾಯಗಳನ್ನು ಮುಂದಿಟ್ಟುಕೊಂಡು, ಒಂದೇ ವಿಷಯಕ್ಕೆ ಹಣವೆಲ್ಲ ಹೋಗದಂತೆ, ಹೊಸಬರಿಗೂ ಜಾಗ ಸಿಗುವಂತೆ ಇಡೀ ಪಟ್ಟಿಯನ್ನು ತೂಗಿ ತನ್ನ ಶಿಫಾರಸು ಬರೆಯುತ್ತಾನೆ. ಅಂಕಪಟ್ಟಿಯ ಕ್ರಮವನ್ನು ದಾಟುವುದು ತಪ್ಪಲ್ಲ, ಅದಕ್ಕೆ ಕಾರಣ ಬರೆದಿಡಬೇಕಷ್ಟೆ. ಯುರೋಪಿನ ಸಂಶೋಧನಾ ಮಂಡಳಿ ಇದಕ್ಕೆ ಬೇರೆ ದಾರಿ ಹಿಡಿದು, 2007ರಲ್ಲಿ ಆರಂಭವಾದಂದಿನಿಂದ ಶ್ರೇಷ್ಠತೆಯೊಂದೇ ಮಾನದಂಡ ಎಂದು ಸಾರಿಕೊಂಡಿದೆ.

ಇಷ್ಟಾದರೂ ಮಂತ್ರಿಗಳು ಯಾಕೆ ನೇರವಾಗಿ ಆರಿಸುವುದಿಲ್ಲ ಎಂಬ ಪ್ರಶ್ನೆಯನ್ನು ಮರೆಯಬಾರದು. ಬ್ರಿಟನ್ನಿನಲ್ಲಿ ಹಾಲ್ಡೇನ್ ತತ್ವ ಎನ್ನುವುದು, ಅಂದರೆ ಯಾವ ಯೋಜನೆಗೆ ಹಣ ಎಂಬುದನ್ನು ಆ ಕ್ಷೇತ್ರದವರೇ ಪರಿಶೀಲಿಸಿ ನಿರ್ಧರಿಸಬೇಕೆಂಬುದು, 1918ರ ವರದಿಯೊಂದರ ಹೆಸರಿನಲ್ಲಿ ಬೆಳೆದ ಸಂಪ್ರದಾಯವಾಗಿದ್ದು, 2017ರ ಕಾನೂನಿನಲ್ಲಿ ಅಕ್ಷರರೂಪ ಪಡೆಯಿತು. ಒಟ್ಟು ಹಣವೆಷ್ಟು, ಯಾವ ಕ್ಷೇತ್ರಕ್ಕೆ ಎಷ್ಟು ಎಂಬುದು ಸರ್ಕಾರದ್ದು. ಯಾವ ಪ್ರಸ್ತಾವನೆಗೆ ಎಂಬುದು ತಜ್ಞರದ್ದು. ತಜ್ಞರು ಎಡವುತ್ತಾರೆಂದು ಈ ಗೆರೆಯನ್ನೇ ಅಳಿಸಿದರೆ ಬರುವುದು ಶಿಫಾರಸು ಪತ್ರಗಳ ಕಾಲ.

ಎಂಆರ್‌ಎನ್‌ಎ ಲಸಿಕೆಗೆ ಅಡಿಪಾಯ ಹಾಕಿದ ವಿಜ್ಞಾನಿ ಕಟಲಿನ್ ಕರಿಕೊ ಅವರ ಹೆಸರನ್ನು ಯಾರಾದರೂ ತೆಗೆಯುವ ಮುನ್ನ ನಾನೇ ತೆಗೆಯುತ್ತೇನೆ. 1990ರ ದಶಕದಲ್ಲಿ ಅವರ ಎಂಆರ್‌ಎನ್‌ಎ ಪ್ರಸ್ತಾವನೆಗಳು ಮತ್ತೆ ಮತ್ತೆ ತಿರಸ್ಕೃತವಾದವು. 2023ರಲ್ಲಿ ಅವರಿಗೂ ಡ್ರೂ ವೈಸ್‌ಮನ್ ಅವರಿಗೂ ನೊಬೆಲ್ ಬಂತು. ಕಚೇರಿಯನ್ನು ಬೈಯಲು ಈ ಕಥೆಯಂಥ ಆಯುಧ ಇನ್ನೊಂದಿಲ್ಲ. ಆದರೆ ತಿರಸ್ಕೃತವಾಗಿ, ಮುಂದೆಯೂ ಏನೂ ಆಗದೆ ಉಳಿದ ಪ್ರಸ್ತಾವನೆಗಳ ಕಪಾಟು ನಾನು ನೋಡಿದ್ದೇನೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಕಲಿಯಬೇಕಾದ ವಿಷಯ ಬೇರೆಯಿದೆ: ಪ್ರಾಥಮಿಕ ಫಲಿತಾಂಶ ತೋರಿಸಿ ಎಂದು ಪಟ್ಟು ಹಿಡಿಯುವ ವ್ಯವಸ್ಥೆ, ಅರ್ಧ ಮುಗಿದ ಕೆಲಸಕ್ಕೆ ಹಣ ಕೊಡುತ್ತದೆ. ಆ ಮೊದಲರ್ಧಕ್ಕೆ ಹಣ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ.

ಹೊಸ ಅರ್ಜಿದಾರ

ಆ ಕೊನೆಯ ಮಾತು ನನ್ನ ಸ್ಥಿತಿಯೇ. ಮೊದಲರ್ಧಕ್ಕೆ ಹಣ ಬಂದದ್ದು ನನ್ನ ಜೇಬಿನಿಂದ, ಸಮಯ ಬಂದದ್ದು ನನ್ನ ರಜೆಯಿಂದ. ಸಮಯದ ವೆಚ್ಚವನ್ನು ಯಾರಾದರೂ ಲೆಕ್ಕ ಹಾಕಿದ್ದಾರೆಯೇ?

ಅಂಕಿ ನೋಡುವವನು

ಹಾಕಿದ್ದಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಗೆ 2012ರಲ್ಲಿ ಬಂದ 3,727 ಪ್ರಸ್ತಾವನೆಗಳನ್ನು ಬರೆಯಲು ಸಂಶೋಧಕರು ಒಟ್ಟು ಸುಮಾರು 550 ಮಾನವ ವರ್ಷಗಳನ್ನು ಕಳೆದರು ಎಂದು ಅಲ್ಲಿನ ತಂಡವೊಂದು ಅಂದಾಜಿಸಿತು. ಅವುಗಳಲ್ಲಿ ಹೆಚ್ಚಿನವು ತಿರಸ್ಕೃತವಾದವು. ಇದಕ್ಕೆ ತದ್ವಿರುದ್ಧವಾದ ಒಂದು ಪ್ರಯೋಗವೂ ಇದೆ. ಎನ್‌ಎಸ್‌ಎಫ್‌ನ ಭೂವಿಜ್ಞಾನ ವಿಭಾಗದ ಕೆಲವು ಕಾರ್ಯಕ್ರಮಗಳು ಕೊನೆಯ ದಿನಾಂಕವನ್ನೇ ತೆಗೆದುಹಾಕಿ, ಯಾವಾಗ ಬೇಕಾದರೂ ಅರ್ಜಿ ಹಾಕಬಹುದು ಎಂದಾಗ ಅರ್ಜಿಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ದಿನಾಂಕ ಬಂತೆಂದು ಬರೆಯುವವರು ಎಷ್ಟಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನನ್ನ ಸಲಹೆಯನ್ನು ನೇರವಾಗಿ ಹೇಳುತ್ತೇನೆ: ಜೊಳ್ಳನ್ನು ತೂರಿದ ಮೇಲೆ ಉಳಿದವುಗಳಲ್ಲಿ ಚೀಟಿ ಎತ್ತಿ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ ತನ್ನ ಎಕ್ಸ್‌ಪ್ಲೋರರ್ ಅನುದಾನಗಳಿಗೆ 2013ರಿಂದ ಇದೇ ಕ್ರಮ ಅನುಸರಿಸಿದೆ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಗೆರೆಯ ಬಳಿ ಬೇರ್ಪಡಿಸಲಾಗದ ಪ್ರಸ್ತಾವನೆಗಳಿಗೆ ಚೀಟಿ ಎತ್ತುತ್ತದೆ.

ಹಳೆಯ ಪ್ರಯೋಗಾಲಯ

ಸಾರ್ವಜನಿಕರ ತೆರಿಗೆಯ ಹಣವನ್ನು ಚೀಟಿ ಎತ್ತಿ ಹಂಚಿದೆವೆಂದು ಶಾಸನಸಭೆಯಲ್ಲಿ ಹೇಳುವವರು ಯಾರು? ನನ್ನ ಆಕ್ಷೇಪ ಅಷ್ಟಕ್ಕೇ ನಿಲ್ಲುವುದಿಲ್ಲ. ಅಂಕದ ಜೊತೆ ಬರುವ ಟಿಪ್ಪಣಿ, ಎಷ್ಟೇ ಕೆಟ್ಟದಾಗಿರಲಿ, ಮುಂದಿನ ಬರಹವನ್ನು ತಿದ್ದುತ್ತದೆ. ಚೀಟಿಗೆ ಟಿಪ್ಪಣಿಯಿಲ್ಲ. ನ್ಯೂಜಿಲೆಂಡಿನ ಅರ್ಜಿದಾರರನ್ನು ಕೇಳಿದಾಗ ಚೀಟಿ ಎತ್ತುವ ಪದ್ಧತಿಯಿಂದ ತಮ್ಮ ತಯಾರಿಯ ಸಮಯವೇನೂ ಉಳಿಯಲಿಲ್ಲ ಎಂದರು. ಹಾಗಾದರೆ ನೀವು ಹೇಳಿದ 550 ವರ್ಷಗಳು ಅಲ್ಲೇ ಉಳಿದವು.

ಅಂಕಿ ನೋಡುವವನು

ಸಮಯ ಉಳಿಯಲಿಲ್ಲ, ನಿಜ. ಉಳಿಯುವುದು ಮರ್ಯಾದೆ. ನೆದರ್ಲೆಂಡ್ಸಿನ ಯುವ ಸಂಶೋಧಕರ ಅನುದಾನವನ್ನು ಕುರಿತ 2018ರ ಅಧ್ಯಯನದಲ್ಲಿ, ಗೆರೆಯ ಸ್ವಲ್ಪವೇ ಮೇಲಿದ್ದವರು ಮುಂದಿನ ಎಂಟು ವರ್ಷಗಳಲ್ಲಿ, ಸ್ವಲ್ಪವೇ ಕೆಳಗಿದ್ದವರ ಎರಡು ಪಟ್ಟಿಗಿಂತ ಹೆಚ್ಚು ಅನುದಾನ ಗಳಿಸಿದ್ದರು. ಮೊದಲ ಅನುದಾನ ಪಡೆದವರೆಂದು ಮುಂದಿನ ಸಮಿತಿಗಳು ಗೆದ್ದೆತ್ತಿನ ಬಾಲ ಹಿಡಿದದ್ದು ಒಂದು ಕಾರಣವಾದರೆ, ಸೋತವರು ತಮ್ಮ ಯೋಗ್ಯತೆ ಇಷ್ಟೇ ಎಂದುಕೊಂಡು ಅರ್ಜಿ ಹಾಕುವುದನ್ನೇ ನಿಲ್ಲಿಸಿದ್ದು ಇನ್ನೊಂದು. ಚೀಟಿಯಲ್ಲಿ ಹೆಸರು ಬರಲಿಲ್ಲ ಎಂದು ಹೇಳಿದ್ದರೆ ಅವರಲ್ಲಿ ಹಲವರು ಮತ್ತೆ ಬರುತ್ತಿದ್ದರು. ಅದೃಷ್ಟ ಈಗಲೂ ಇದೆ, ಅದಕ್ಕೆ ಅರ್ಹತೆಯ ಅಂಗಿ ತೊಡಿಸಿದ್ದೇವೆ.

ಸಮಿತಿಯಲ್ಲಿ ಕುಳಿತವಳು

ಚೀಟಿಯ ಬಗ್ಗೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಎರಡನೆಯ ದಿನದ ಎಂಟು ಪ್ರಸ್ತಾವನೆಗಳಿಗಷ್ಟೇ ಅನ್ವಯಿಸುವುದಾದರೆ ಒಪ್ಪಿಯೇನು. ಆದರೆ ಬಜೆಟ್ ಕಡಿಮೆಯಾದ ವರ್ಷ ಆ ಎಂಟು ಎಂಬತ್ತಾಗುವುದನ್ನು ತಡೆಯುವವರಾರು? ಓದುವ ಶ್ರಮ ತಪ್ಪಿಸಿಕೊಳ್ಳಲು ಅದೊಂದು ಸುಲಭದ ದಾರಿಯಾದೀತು. ಹಾಗೆಯೇ, ಪ್ರಸ್ತಾವನೆಯನ್ನು ಕೃತಕ ಬುದ್ಧಿಮತ್ತೆಯ ಉಪಕರಣಕ್ಕೆ ಹಾಕಿ ಟಿಪ್ಪಣಿ ಬರೆಸಿಕೊಳ್ಳುವುದನ್ನು ಎನ್‌ಐಎಚ್ 2023ರಲ್ಲಿಯೇ ಪರಿಶೀಲಕರಿಗೆ ನಿಷೇಧಿಸಿದೆ, ಗೋಪ್ಯತೆಯ ಕಾರಣಕ್ಕೆ. ಓದದ ಪರಿಶೀಲಕ ಎಂಬ ಸಮಸ್ಯೆ ಮಾತ್ರ ಅದಕ್ಕಿಂತ ಬಹಳ ಹಳೆಯದು.

ಹೊಸ ಅರ್ಜಿದಾರರಿಗೆ: ಎನ್‌ಐಎಚ್‌ನಲ್ಲಿ ಗೆರೆಯ ಸ್ವಲ್ಪ ಕೆಳಗೆ ಬಿದ್ದ ಕಿರಿಯ ಸಂಶೋಧಕರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅವರಲ್ಲಿ ಕ್ಷೇತ್ರ ಬಿಟ್ಟುಹೋದವರು ಹೆಚ್ಚು. ಉಳಿದವರು ಮಾತ್ರ ಮುಂದಿನ ಹತ್ತು ವರ್ಷಗಳಲ್ಲಿ ಗೆದ್ದವರಿಗಿಂತ ಹೆಚ್ಚು ಪ್ರಭಾವಿ ಪ್ರಬಂಧಗಳನ್ನು ಬರೆದರು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಬಿಟ್ಟುಹೋದವರ ಲೆಕ್ಕ ನನಗೂ ಚುಚ್ಚುತ್ತದೆ. ನೀವು ಕೈಬಿಟ್ಟ ಎರಡು ಉದ್ದೇಶಗಳಲ್ಲಿ ಹೊಸತನವಿದ್ದದ್ದು ಯಾವುದರಲ್ಲಿ?

ಹೊಸ ಅರ್ಜಿದಾರ

ನಾಲ್ಕನೆಯದರಲ್ಲಿ. ಅಪಾಯವೂ ಅದರಲ್ಲೇ ಹೆಚ್ಚಿತ್ತು, ಆದ್ದರಿಂದಲೇ ಮೊದಲು ಅದನ್ನು ಕತ್ತರಿಸಿದೆ.

ಸಮಿತಿಯಲ್ಲಿ ಕುಳಿತವಳು

ಹಾಗಾದರೆ ಅದನ್ನು ವಾಪಸ್ ತನ್ನಿ, ಎರಡನೆಯದನ್ನು ಬಿಡಿ. ಅದು ವಿಫಲವಾದರೆ ಏನು ಮಾಡುತ್ತೀರಿ ಎಂಬುದನ್ನು ವಿಧಾನದ ವಿಭಾಗದಲ್ಲಿ ಅರ್ಧ ಪುಟ ಬರೆಯಿರಿ. ಮೊದಲ ಪುಟವನ್ನು ಪಕ್ಕದ ಕ್ಷೇತ್ರದ ಒಬ್ಬರಿಗೆ ಕೊಟ್ಟು, ಓದಿದ ಮೇಲೆ ಮುಚ್ಚಿಟ್ಟು, ಅದರಲ್ಲಿದ್ದದ್ದೇನೆಂದು ಎರಡು ವಾಕ್ಯಗಳಲ್ಲಿ ಹೇಳಲು ಕೇಳಿ. ಸಭೆಯಲ್ಲಿ ನಿಮ್ಮ ಪರವಾಗಿ ಮಾತನಾಡುವವರ ಬಾಯಲ್ಲಿ ಬರುವುದು ಆ ಎರಡು ವಾಕ್ಯಗಳೇ.